ಕಿತ್ತಳೆ ಅಂಗಿಯ ಸೇನಾಪತಿ

"ಈ ಸಲದ ಕ್ರಿಸ್‌ಮಸ್ ನನ್ನ ಕೈಗೆ ಬಿಡಿ! ಅಡುಗೆ ಇಲ್ಲ, ಪಾತ್ರೆ ಇಲ್ಲ, ಹಿಮ ಎತ್ತೋ ಸಲಿಕೆ ಇಲ್ಲ. ಎಲ್ಲರೂ ಫ್ಲಾರಿಡಾಕ್ಕೆ!"

ಇಷ್ಟು ಹೇಳಿ ಗ್ಲೆನ್ ಬಕ್‌ನರ್ ಚಮಚವನ್ನು ಮೇಜಿನ ಮೇಲೆ ಕುಟ್ಟಿದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಿದ್ದವರೆಲ್ಲ ಗಪ್‌ಚಿಪ್! ಏಕೆಂದರೆ ಆ ಮೇಜು ಅವನ ಅತ್ತೆ ವರ್ನಾಳದು, ಮನೆ ವರ್ನಾಳದು, ಕುಟ್ಟಿದ ಚಮಚವೂ ವರ್ನಾಳದು. ಅವನು ಮಾರ್ಲಾಳನ್ನು ಮದುವೆಯಾದ ವರ್ಷದಿಂದ ಕ್ರಿಸ್‌ಮಸ್ಸೂ ವರ್ನಾಳದೇ.

ಒಹಾಯೋದ ಆ ಹಳೇ ಮನೆಗೆ ಪ್ರತಿ ಕ್ರಿಸ್‌ಮಸ್ಸಿಗೆ ವರ್ನಾಳ ತಮ್ಮಂದಿರು, ತಮ್ಮಂದಿರ ಹೆಂಡಿರು, ಅವರ ಮಕ್ಕಳು, ಮಕ್ಕಳ ನಾಯಿಗಳು ಎಂದು ಒಂದು ದಂಡೇ ಇಳಿಯುತ್ತದೆ. ಆ ದಿನ ಗ್ಲೆನ್‌ಗೆ ಕುರ್ಚಿ ಹೊರುವ ಕೆಲಸ, ಬಾಗಿಲ ಮುಂದಿನ ಹಿಮ ಬಾಚುವ ಕೆಲಸ, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿಯನ್ನು ನಗುನಗುತ್ತಾ ನುಂಗುವ ಕೆಲಸ. ಊರಿನ ದೊಡ್ಡ ಬಣ್ಣದ ಅಂಗಡಿಯ ಮ್ಯಾನೇಜರನಿಗೆ, ಬಿಳಿ ಬಣ್ಣ ಒಂದರಲ್ಲೇ ಮೂವತ್ತು ಬಗೆ ಗುರುತಿಸಬಲ್ಲ ಮಹಾನುಭಾವನಿಗೆ, ಈ ಗತಿ!

ವರ್ನಾ ಬಾಯಿ ಒರೆಸಿಕೊಂಡಳು. "ಬರ್ತೀನಿ," ಎಂದಳು. "ಒಂದೇ ಒಂದು ಸಲ. ಅಲ್ಲಿ ನನಗೆ ಖುಷಿ ಆಯ್ತೋ, ಇನ್ಮೇಲೆ ಕ್ರಿಸ್‌ಮಸ್ ಎಲ್ಲಿ ಅಂತ ನೀನೇ ಹೇಳು, ನಾನು ತುಟಿ ಬಿಚ್ಚಲ್ಲ. ಆಗ್ಲಿಲ್ವೋ, ನಾನು ಸಾಯೋ ತನಕ ಕ್ರಿಸ್‌ಮಸ್ ಈ ಮನೇಲೇ. ನಮ್ಮಮ್ಮ ತೊಂಬತ್ತೆಂಟು ವರ್ಷ ಬದುಕಿದ್ಲು, ನೆನಪಿರ್ಲಿ."

ವರ್ನಾಳಿಗೆ ಆಗಷ್ಟೇ ಎಪ್ಪತ್ತು ತುಂಬಿತ್ತು. ಗ್ಲೆನ್ ಮನಸ್ಸಿನಲ್ಲೇ ಕಳೆದು ನೋಡಿ ಬೆವೆತ. ಆದರೆ ಆಡಿದ ಮಾತು ಆಡಿದ್ದೇ. "ಒಪ್ಪಿದೆ!" ಎಂದ.

ಸಮರದ ಸಿದ್ಧತೆ ಶುರುವಾಯಿತು. ಫ್ಲಾರಿಡಾದ ಆಟ, ಸವಾರಿಗಳ ದೊಡ್ಡ ಪಾರ್ಕಿಗೆ ಹೊರಟ ಸಂಸಾರ ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಒಂದೇ ಬಣ್ಣದ ಅಂಗಿ ತೊಡದಿದ್ದರೆ ಅದೊಂದು ಸಂಸಾರವೇ? ಕ್ರಿಸ್‌ಮಸ್ ಎಂದಮೇಲೆ ಲೋಕವೆಲ್ಲ ಕೆಂಪು, ಇಲ್ಲವೇ ಹಸಿರು. ಗ್ಲೆನ್ ಆ ಕುರಿಮಂದೆಗೆ ಸೇರಿದವನಲ್ಲ. ಅವನು ತರಿಸಿದ್ದು ಕಿತ್ತಳೆ. ನೋಡಿದವರ ಕಣ್ಣಲ್ಲಿ ನೀರು ಬರಬೇಕು, ಅಂಥ ಕಿತ್ತಳೆ!

ಹಿರಿಮಗಳು ಪೈಪರ್‌ಗೆ ಹದಿಮೂರು ವರ್ಷ. ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. "ಅಪ್ಪಾ, ಇದು ರಸ್ತೆ ರಿಪೇರಿ ಮಾಡೋರ ಬಣ್ಣ!"

"ಅದಕ್ಕೇ ತಂದಿದ್ದು. ಅವರು ಎಷ್ಟು ದೂರ ಇದ್ದರೂ ಕಾಣ್ತಾರಲ್ಲ!"

"ಬೆನ್ನ ಮೇಲೆ ಹೆಸರಾದ್ರೂ ಹಾಕಿಸಬಾರದಿತ್ತಾ?" ಎಂದಳು ಮಾರ್ಲಾ.

"ಹೆಸರು ಓದೋಕೆ ಹತ್ತಿರ ಹೋಗಬೇಕು ಮಾರ್ಲಾ. ಬಣ್ಣ ದೂರದಿಂದಲೇ ಕೂಗಿ ಕರೆಯುತ್ತೆ. ಮುಖ ನೋಡೋ ಗೋಜೇ ಇಲ್ಲ!"

"ಬೇರೆ ಯಾರಾದ್ರೂ ಇದನ್ನೇ ಹಾಕ್ಕೊಂಡು ಬಂದಿದ್ರೆ?"

ಗ್ಲೆನ್ ಕನಿಕರದಿಂದ ನಕ್ಕ. "ಈ ಬಣ್ಣದ ಡಬ್ಬ ನಮ್ಮಂಗಡೀಲಿ ಇವತ್ತಿನವರೆಗೆ ಒಂದೂ ಹೋಗಿಲ್ಲ. ಬುದ್ಧಿ ನೆಟ್ಟಗಿರೋರು ಯಾರೂ ಇದನ್ನ ಮುಟ್ಟೋದೂ ಇಲ್ಲ!"

ಮಾರ್ಲಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅದನ್ನ ಒಪ್ತೀನಿ," ಎಂದಳು.

ಪಾರ್ಕಿನ ಹೆಸರು ಬೇಡ ಬಿಡಿ, ಅವರ ವಕೀಲರು ಬಹಳ ಚುರುಕಂತೆ. ಕ್ರಿಸ್‌ಮಸ್ ದಿನ ಬೆಳಗಾಗುವುದರೊಳಗೆ ಅಲ್ಲಿ ಎಳ್ಳು ಎರಚಿದರೆ ನೆಲಕ್ಕೆ ಬೀಳದಷ್ಟು ಜನ. ಮಕ್ಕಳ ಗಾಡಿಗಳು ಕಾಲಿನ ಮೇಲೆ ಹತ್ತುತ್ತಿದ್ದವು. ಕಾಫಿಗೆ ಸಾಲು, ಶೌಚಕ್ಕೆ ಸಾಲು, ಸಾಲು ಎಲ್ಲಿ ಮುಗಿಯುತ್ತದೆ ಎಂದು ಕೇಳುವುದಕ್ಕೂ ಒಂದು ಸಾಲು! ಹಿಮವೇ ಕಾಣದ ಆ ಊರಿನಲ್ಲಿ ಲೌಡ್‌ಸ್ಪೀಕರು ಹಿಮದ ಹಾಡು ಹಾಡುತ್ತಿತ್ತು. ಗ್ಲೆನ್ ಮಾತ್ರ ಜರತಾರಿ ಸುತ್ತಿದ ಕೊಡೆಯೊಂದನ್ನು ತಲೆಯ ಮೇಲೆತ್ತಿ ಹಿಡಿದು ಸೇನಾಪತಿಯಂತೆ ಮುನ್ನುಗ್ಗಿದ. ಹಿಂದೆ ಸಂಸಾರ.

"ಹೇಗಿದೆ ವರ್ನಾ?" ಎಂದು ಆಗಾಗ ಕೇಳುತ್ತಿದ್ದ.

"ಕಾಫಿ ತಣ್ಣಗಿತ್ತು."

"ಮತ್ತೆ ಆ ದೋಣಿ ಸವಾರಿ?"

"ಒದ್ದೆ."

"ಅಲ್ಲಿ ನೋಡಿ, ಎಷ್ಟು ದೊಡ್ಡ ಕ್ರಿಸ್‌ಮಸ್ ಮರ!"

"ಪ್ಲಾಸ್ಟಿಕ್ಕು."

ಇನ್ನು ಉಳಿದದ್ದು ಒಂದೇ ಬ್ರಹ್ಮಾಸ್ತ್ರ. ಕೆರೆಯಂಚಿನ ದೊಡ್ಡ ಹೋಟೆಲಿನಲ್ಲಿ ಕ್ರಿಸ್‌ಮಸ್ ಊಟ! ಯಾರಿಗೂ ಹೇಳದೆ ಬೇಸಿಗೆಯಲ್ಲೇ ಕಾದಿರಿಸಿದ್ದ ಮೇಜು. ಅದೊಂದು ಬಿದ್ದರೆ ಅತ್ತೆಯ ಕೋಟೆ ಬಿದ್ದ ಹಾಗೆಯೇ. ಆದರೆ ಹೊರಡುವ ಹೊತ್ತಿಗೆ ಕಿರಿಮಗಳು ಜೋಸಿಗೆ ಅರ್ಜೆಂಟಾಯಿತು.

"ನಾನು ಇಬ್ಬರನ್ನೂ ಕರ್ಕೊಂಡು ಹೋಗಿ ಅಲ್ಲಿಗೇ ಬರ್ತೀನಿ," ಎಂದಳು ಮಾರ್ಲಾ. "ನೀನು ಅಮ್ಮನ ಕೈ ಹಿಡ್ಕೊಂಡಿರು."

"ಕೈ ಯಾಕೆ? ಬಣ್ಣ ಇದೆಯಲ್ಲ!"

"ಕೈ ಹಿಡ್ಕೋ ಗ್ಲೆನ್."

ಹಿಡಿದ. ಅಷ್ಟರಲ್ಲಿ ಸಾಂತಾಕ್ಲಾಸನ ಮೆರವಣಿಗೆ ಬಂತು. ಬ್ಯಾಂಡಿನವರು, ಕುಣಿಯುವ ಜಿಂಕೆಗಳು, ಚಾಕೊಲೇಟು ಎರಚುವ ಕುಳ್ಳರು, ಅವರ ಹಿಂದೆ ಉಕ್ಕುವ ಜನಸಾಗರ! ಕೊಡೆ ಒಂದು ಕಡೆ, ಅತ್ತೆ ಒಂದು ಕಡೆ ಎಳೆಯತೊಡಗಿದಾಗ ಗ್ಲೆನ್ ಎರಡರಲ್ಲಿ ಒಂದನ್ನು ಬಿಡಬೇಕಾಯಿತು. ಕೊಡೆ ಬಿಡಲಿಲ್ಲ.

ತಿರುಗಿ ನೋಡಿದ. ಹಿಂದೆ ಕಿತ್ತಳೆ ಬಣ್ಣ ಕಂಡಿತು. ನಿಶ್ಚಿಂತೆ! ಮುಂದೆ ನಡೆದ.

"ಮೆಟ್ಟಿಲಿದೆ, ಹುಷಾರು!" ಎಂದು ಮುಂದೆ ನೋಡುತ್ತಲೇ ಕೂಗಿದ.

"ಆಯ್ತು, ಆಯ್ತು!" ಎಂದು ಬ್ಯಾಂಡಿನ ಗದ್ದಲದ ನಡುವೆ ಹಿಂದಿನಿಂದ ಯಾರೋ ಒಪ್ಪಿದರು.

"ಎಡಕ್ಕೆ ಬನ್ನಿ!"

"ಬಂದ್ವಿ!"

ಮದುವೆಯಾದಾಗಿನಿಂದ ಅತ್ತೆ ಅವನ ಒಂದು ಮಾತನ್ನೂ ಇಷ್ಟು ಸುಲಭವಾಗಿ ಕೇಳಿದವಳಲ್ಲ. ಅನುಮಾನ ಬರಬೇಕಾದ್ದು ಅಲ್ಲೇ. ಬರಲಿಲ್ಲ. ಬದಲಿಗೆ ಅವನ ಎದೆ ಉಬ್ಬಿತು. ಕೊನೆಗೂ ನನ್ನ ಯೋಗ್ಯತೆ ಮುದುಕಿಗೆ ತಿಳಿಯಿತು ಎಂದುಕೊಂಡ. ಆ ಹುರುಪಿನಲ್ಲೇ ಕೆರೆ ಸುತ್ತಿಸಿದ, ಸೇತುವೆ ದಾಟಿಸಿದ, ಜಾಗಗಳ ಬಗ್ಗೆ ತನಗೆ ತಿಳಿದದ್ದು, ತಿಳಿಯದ್ದು ಎಲ್ಲವನ್ನೂ ಕೂಗಿ ವಿವರಿಸಿದ. ಹೋಟೆಲಿನ ಬಾಗಿಲಲ್ಲಿ ನಿಂತು ಗತ್ತಿನಿಂದ ಕೇಳಿದ: "ಈಗ ಹೇಳಿ, ಖುಷಿ ಆಯ್ತೋ ಇಲ್ವೋ?"

"ಬಹಳ ಖುಷಿ ಆಯ್ತು ಬಾಸ್!"

ದನಿ ಗಂಡಸಿನದು. ಗೊಗ್ಗರು ದನಿ. ಗೆಲುವಿನ ಗುಂಗಿನಲ್ಲಿದ್ದ ಗ್ಲೆನ್‌ಗೆ ಅದು ಹೊಳೆಯಲೇ ಇಲ್ಲ.

ಬಾಗಿಲಲ್ಲಿದ್ದ ಹುಡುಗಿ ಹೆಸರು ಕೇಳಿದಳು. "ಬಕ್‌ನರ್, ಐದು ಜನ," ಎಂದ ಗ್ಲೆನ್.

"ಐದು ಜನರಾ ಸಾರ್?"

"ಯಾಕಮ್ಮಾ, ಎಣಿಸೋಕೆ ಬರಲ್ವಾ?" ಎನ್ನುತ್ತಾ ತಿರುಗಿ ನೋಡಿದ. ಮೆಟ್ಟಿಲ ತುಂಬ ಕಿತ್ತಳೆ! ಮೆಟ್ಟಿಲ ಕೆಳಗೂ ಕಿತ್ತಳೆ! ಮುದುಕರು, ಬಸುರಿಯರು, ಹೆಗಲ ಮೇಲೆ ಕೂತ ಕೂಸುಗಳು, ಎಲ್ಲ ಕಿತ್ತಳೆ! ಎಲ್ಲರಿಗಿಂತ ಮುಂದೆ ಪೊದೆಮೀಸೆಯ ಒಬ್ಬ ದಢೂತಿ ಆಸಾಮಿ ಹೊಟ್ಟೆ ಸವರಿಕೊಳ್ಳುತ್ತಾ ನಿಂತಿದ್ದ.

"ಊಟಾನಾ? ಭೇಷ್! ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ನೀವು... ಯಾರು?"

"ಓಟಿಸ್ ಲೆಡ್‌ಬೆಟರ್. ನೀವು ಡೆಲ್ಮರ್ ಚಿಕ್ಕಪ್ಪನ ಕಡೆಯೋರಲ್ವಾ?"

ವಿಷಯ ಇಷ್ಟು. ಟೆನೆಸಿ ಸೀಮೆಯ ಲೆಡ್‌ಬೆಟರ್ ವಂಶದವರೆಲ್ಲ ಎಲ್ಲೆಲ್ಲಿಂದಲೋ ಬಂದು ಈ ಸಲದ ಕುಟುಂಬ ಸಮ್ಮೇಳನವನ್ನು ಪಾರ್ಕಿನಲ್ಲಿ ಇಟ್ಟುಕೊಂಡಿದ್ದರು. ಅರ್ಧ ಜನಕ್ಕೆ ಇನ್ನರ್ಧ ಜನದ ಮುಖ ಪರಿಚಯವಿಲ್ಲ. ಕಿತ್ತಳೆ ಅವರ ಸೀಮೆಯ ಫುಟ್‌ಬಾಲ್ ತಂಡದ ಬಣ್ಣ. ಆ ದೇಶದಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಸಂಗತಿ. ಬಣ್ಣದ ಪಂಡಿತನಿಗೆ ಗೊತ್ತಿರಲಿಲ್ಲ, ಏಕೆಂದರೆ ಫುಟ್‌ಬಾಲ್ ಎಂದರೆ ಅವನಿಗೆ ಆಕಳಿಕೆ ಬರುತ್ತದೆ.

"ಕೊಡೆ ಎತ್ತಿ ಹಿಡಿದಿದ್ರಲ್ಲ, ಮುಂದಾಳು ನೀವೇ ಅಂದ್ಕೊಂಡ್ವಿ," ಎಂದ ಓಟಿಸ್. "ಎಷ್ಟು ಚೆನ್ನಾಗಿ ಎಲ್ಲ ವಿವರಿಸಿದ್ರಿ!"

"ನನ್ನ ಅತ್ತೆ ಎಲ್ಲಿ?"

"ಹೇಗಿದ್ದಾರೆ ಅವರು?"

"ಕಿತ್ತಳೆ ಅಂಗಿ..." ಎಂದ ಗ್ಲೆನ್. ಓಟಿಸ್ ಮೀಸೆಯೊಳಗೇ ನಕ್ಕ.

ಅಷ್ಟರಲ್ಲಿ ಮಾರ್ಲಾ ಮಕ್ಕಳೊಂದಿಗೆ ಬಂದಳು. "ಅಮ್ಮ ಎಲ್ಲಿ?"

"ಇಲ್ಲೇ... ಇದ್ದರು."

"ಕೈ ಹಿಡ್ಕೋ ಅಂದಿದ್ದೆ."

"ಹಿಡಿದಿದ್ದೆ ಮಾರ್ಲಾ, ಮೊದಲು."

"ಕೊಡೆ ಮಾತ್ರ ಭದ್ರವಾಗಿದೆ!" ಎಂದಳು ಅವಳು. ಆಮೇಲೆ ಮಾತಾಡಲಿಲ್ಲ. ಮಾತಾಡುವ ಮಾರ್ಲಾಳನ್ನು ತಡೆದುಕೊಳ್ಳಬಹುದು, ಮಾತಾಡದ ಮಾರ್ಲಾಳನ್ನು ಸಾಧ್ಯವಿಲ್ಲ.

ವರ್ನಾಳ ಫೋನಿಗೆ ಕರೆ ಮಾಡಿ ಪ್ರಯೋಜನವಿಲ್ಲ. ಬ್ಯಾಟರಿ ಸವೆಯುತ್ತದೆ ಎಂದು ಅವಳು ಅದನ್ನು ಆರಿಸಿ ಚೀಲದಲ್ಲಿಟ್ಟಿರುತ್ತಾಳೆ. ಎಲ್ಲರೂ ಕಳೆದುಹೋದವರನ್ನು ಹುಡುಕಿಕೊಡುವ ಕಚೇರಿಗೆ ಓಡಿದರು. ಅಲ್ಲಿ ಕೂತಿದ್ದ ಹೆಂಗಸು ಸಮಾಧಾನದಿಂದ ಕೇಳಿದಳು: "ಏನು ಹಾಕ್ಕೊಂಡಿದ್ರು?"

"ಕಿತ್ತಳೆ ಅಂಗಿ."

ಅವಳು ಕಿಟಕಿಯತ್ತ ಕೈ ತೋರಿಸಿದಳು. ಹೊರಗೆ ಲೆಡ್‌ಬೆಟರ್ ವಂಶ ಹರಿದು ಹೋಗುತ್ತಿತ್ತು.

"ಬೇರೆ ಗುರುತು? ಕೂದಲು?"

"ಬಿಳಿ... ಅಥವಾ ಬೂದು. ಟೋಪಿ ಇತ್ತು ಅನ್ಸುತ್ತೆ."

"ಕಣ್ಣಿನ ಬಣ್ಣ?"

ಗ್ಲೆನ್ ಮಾರ್ಲಾಳ ಕಡೆ ನೋಡಿದ. ಊರಿನವರ ಗೋಡೆಗಳ ಬಣ್ಣವೆಲ್ಲ ಬಾಯಿಪಾಠ ಇದ್ದವನಿಗೆ, ಇಷ್ಟು ವರ್ಷ ಎದುರಿಗೆ ಕೂತು ಉಂಡ ಅತ್ತೆಯ ಕಣ್ಣು ಯಾವ ಬಣ್ಣವೆಂದು ಗೊತ್ತಿರಲಿಲ್ಲ!

"ನೀಲಿ," ಎಂದಳು ಮಾರ್ಲಾ ಮೆಲ್ಲಗೆ. "ನನ್ನ ಕಣ್ಣಿನ ಹಾಗೇ."

ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಪಂದ್ಯವೂ ಬೇಡ, ಗೆಲುವೂ ಬೇಡ. ಮಂಡಿ ನೋವಿನ ಎಪ್ಪತ್ತರ ಮುದುಕಿ ಆ ಜನಜಂಗುಳಿಯಲ್ಲಿ ಒಬ್ಬಳೇ ಎಲ್ಲಿ ನಿಂತಿದ್ದಾಳೋ, ಯಾರು ತಳ್ಳಿದರೋ, ನೀರಾದರೂ ಕುಡಿದಳೋ ಇಲ್ಲವೋ! ಕ್ಯಾರೆಟ್ ಜೆಲ್ಲಿಯನ್ನು ಬದುಕಿಡೀ ತಿನ್ನುತ್ತೇನೆ ದೇವರೇ, ಅವಳೊಬ್ಬಳು ಸಿಕ್ಕರೆ ಸಾಕು ಎಂದು ಹರಕೆ ಹೊತ್ತ.

ಆಗಲೇ ಓಟಿಸ್ ಓಡಿಬಂದ. "ಬಾಸ್, ದೊಡ್ಡ ಮರದ ಹತ್ತಿರ ಬನ್ನಿ. ನಮ್ಮ ಸಮ್ಮೇಳನದ ಫೋಟೋ ತೆಗೀತಿದ್ದಾರೆ. ಅಲ್ಲಿ ಒಬ್ಬರು ನಮ್ಮೋರಲ್ಲ ಅಂತ ಈಗ ಗೊತ್ತಾಯ್ತು!"

ಮರದ ಕೆಳಗೆ ಕಿತ್ತಳೆಯ ಮೂರು ಸಾಲು. ನಟ್ಟನಡುವೆ, ಎಲ್ಲರಿಗಿಂತ ದೊಡ್ಡ ಕುರ್ಚಿಯಲ್ಲಿ ವರ್ನಾ! ತಲೆಗೆ ಬಟ್ಟೆಯ ಜಿಂಕೆಕೊಂಬು, ಒಂದು ಕೈಯಲ್ಲಿ ಹುರಿದ ಟರ್ಕಿ ಕೋಳಿಯ ಕಾಲು, ತೊಡೆಯ ಮೇಲೆ ಯಾರದೋ ಕೂಸು. ನಗುತ್ತಿದ್ದಳು. ಅತ್ತೆಗೆ ಅಷ್ಟೊಂದು ಹಲ್ಲುಗಳಿವೆ ಎಂಬುದೇ ಗ್ಲೆನ್‌ಗೆ ಗೊತ್ತಿರಲಿಲ್ಲ.

"ವರ್ನಾ! ಹೋದ ಜೀವ ಬಂತು! ತಪ್ಪಾಯ್ತು, ನಾನು..."

"ಶ್! ಪಕ್ಕಕ್ಕೆ ಸರಿ. ಫೋಟೋದಲ್ಲಿ ಬರ್ತೀಯ."

ಫೋಟೋ ಮುಗಿಯಿತು. ಮಾರ್ಲಾ ತಾಯಿಯನ್ನು ತಬ್ಬಿಕೊಂಡಳು. ಗ್ಲೆನ್ ತಲೆ ತಗ್ಗಿಸಿ ನಿಂತ. "ಹೆದರಿಬಿಟ್ರೇನೋ..."

"ಯಾಕೆ ಹೆದರ್ಲಿ? ನೀನು ಕೈ ಬಿಟ್ಟ ಎರಡೇ ನಿಮಿಷಕ್ಕೆ ಈ ಡೋರೀನ್ ಬಂದು, ‘ಅಕ್ಕಾ, ಸುಸ್ತಾದ ಹಾಗೆ ಕಾಣ್ತೀರಿ, ಕೂತ್ಕೊಳ್ಳಿ’ ಅಂದ್ಲು." ಪಕ್ಕದಲ್ಲಿದ್ದ ದುಂಡುಮುಖದ ಹೆಂಗಸಿನ ಭುಜವನ್ನು ವರ್ನಾ ತಟ್ಟಿದಳು. "ನಾನಿದ್ದೀನಿ ಅನ್ನೋದು ಅವಳಿಗೆ ಎರಡು ನಿಮಿಷಕ್ಕೆ ಗೊತ್ತಾಯ್ತು. ನಾನಿಲ್ಲ ಅನ್ನೋದು ನಿನಗೆ ಯಾವಾಗ ಗೊತ್ತಾಯ್ತು?"

"...ಊಟದ ಹೊತ್ತಿಗೆ."

"ಹೂಂ."

ಆ ‘ಹೂಂ’ ಕೇಳಿ ಪೈಪರ್ ಕೂಡ ಅಪ್ಪನ ಕಡೆ ಕನಿಕರದಿಂದ ನೋಡಿದಳು. ಆದರೆ ಗ್ಲೆನ್ ಸುಲಭಕ್ಕೆ ಮಣಿಯುವ ಪೈಕಿಯಲ್ಲ. ಅತ್ತೆ ಕ್ಷೇಮ ಎಂದು ಖಾತ್ರಿಯಾದ ಮೇಲೆ ಹರಕೆಯೂ ಮರೆತಿತ್ತು. ಗಂಟಲು ಸರಿಮಾಡಿಕೊಂಡ.

"ಅದೇನೇ ಇರ್ಲಿ ವರ್ನಾ. ನಿಜ ಹೇಳಿ, ಖುಷಿ ಆಯ್ತಾ ಇಲ್ವಾ?"

ವರ್ನಾ ಕೋಳಿಕಾಲಿನ ಕೊನೆಯ ತುಣುಕನ್ನು ಬಾಯಿಗಿಟ್ಟು ಯೋಚಿಸಿದಳು. "ಆಯ್ತು. ಸುಳ್ಳು ಯಾಕೆ ಹೇಳ್ಲಿ? ಮನೆಯವರು ಹೋದ ಮೇಲೆ ಇಷ್ಟು ಖುಷಿಯಾಗಿ ಒಂದು ಕ್ರಿಸ್‌ಮಸ್ ಕಳೆದಿರ್ಲಿಲ್ಲ. ನೀನು ಗೆದ್ದೆ ಗ್ಲೆನ್."

ಗೆದ್ದೆ! ಅತ್ತೆಯ ಬಾಯಿಂದ! "ಕೇಳಿಸ್ಕೊಂಡ್ಯಾ ಮಾರ್ಲಾ? ಮುಂದಿನ ಕ್ರಿಸ್‌ಮಸ್ಸೂ ಇಲ್ಲೇ! ನಾನು ಹೇಳ್ತಿದ್ದೀನಿ, ಇಲ್ಲೇ!"

"ಇಲ್ಲೇ," ಎಂದಳು ವರ್ನಾ. "ಮಾತು ಕೊಟ್ಟಿದ್ದೀನಲ್ಲ, ತುಟಿ ಬಿಚ್ಚಲ್ಲ. ಇವರ ಸಮ್ಮೇಳನ ಬರೋ ವರ್ಷವೂ ಇಲ್ಲೇ ಅಂತೆ, ಡೋರೀನ್ ತನ್ನ ರೂಮಲ್ಲೇ ನನಗೆ ಜಾಗ ಇದೆ ಅಂದಿದ್ದಾಳೆ. ಓಟಿಸ್ ಬಂದು ಕಾರಲ್ಲಿ ಕರ್ಕೊಂಡು ಬರ್ತಾನಂತೆ."

"ಮತ್ತೆ... ನಾವು?"

"ನೀವೂ ಇಲ್ಲಿಗೆ ಬಂದ್ಬಿಟ್ರೆ ನಮ್ಮನೆಗೆ ಬರೋ ದಂಡಿಗೆ ಅನ್ನ ನೀರು ನೋಡೋರ್ಯಾರು? ಈ ಸಲವೇನೋ ಬೇಡ ಅಂದೆ, ಪ್ರತಿ ಸಲ ನನ್ನ ತಮ್ಮಂದಿರಿಗೆ ಬರಬೇಡಿ ಅನ್ನೋಕಾಗುತ್ತಾ? ಬೀಗದ ಕೈ ಮಾರ್ಲಾಗೆ ಕೊಟ್ಟಿರ್ತೀನಿ. ಕುರ್ಚಿ ಎಲ್ಲಿವೆ ಅಂತ ನಿನಗೆ ಗೊತ್ತೇ ಇದೆ."

ಗ್ಲೆನ್ ಹೆಂಡತಿಯ ಕಡೆ ನೋಡಿದ. ಅವಳು ನಗು ತಡೆಯಲು ಜೋಸಿಯ ಜಡೆ ಸರಿಮಾಡುತ್ತಿದ್ದಳು.

ವರ್ನಾ ಎದ್ದು ನಿಂತು, ಜಿಂಕೆಕೊಂಬು ಸರಿಮಾಡಿಕೊಂಡು, ಅಳಿಯನ ಬೆನ್ನು ತಟ್ಟಿದಳು. "ಹೆದರ್ಬೇಡ, ನೀನು ನಿಭಾಯಿಸ್ತೀಯ. ಆದ್ರೆ ಅಷ್ಟರೊಳಗೆ ಆ ದಂಡಿನವರ ಮುಖ ಎಲ್ಲ ಒಂದ್ಸಲ ಸರಿಯಾಗಿ ನೋಡ್ಕೊಂಡಿರು ಕಂದಾ. ಅವರು ಬೇರೆ ಬೇರೆ ಬಣ್ಣದ ಅಂಗಿ ಹಾಕ್ಕೊಂಡು ಬರ್ತಾರೆ."