ನನ್ನ ಹೊಟ್ಟೆಗೆ ನಾನೇ ಆರಿಸಿದ ನಂಬರು

ಆಗ ನನಗೆ ಅರವತ್ತೇಳು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಪಿತ್ತಕೋಶದಲ್ಲಿ ಕಲ್ಲು ಸೇರಿಕೊಂಡಿತ್ತು. ಉಂಡರೂ ನೋವು, ಉಣದಿದ್ದರೂ ನೋವು. ನಂಜನಗೂಡಿನ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, "ನಾಳೆ ಬೆಳಿಗ್ಗೆ ತೆಗೆದುಬಿಡ್ತೀನಿ ಅಜ್ಜಿ. ಸರ್ಕಾರದ ಕಾರ್ಡಲ್ಲೇ ಆಗುತ್ತೆ. ಆದ್ರೆ ಇವತ್ತು ಸಂಜೆ ಆರರೊಳಗೆ ಮಂಜೂರಾತಿ ಬರಬೇಕು. ಬರ್ಲಿಲ್ಲ ಅಂದ್ರೆ ನಾನು ಮತ್ತೆ ಈ ಕಡೆ ಬರೋದು ಹದಿನೈದು ದಿನಕ್ಕೆ" ಅಂದರು. ಚೀಟಿಯಲ್ಲಿ ಒಂದು ನಂಬರು ಬರೆದು, ಕೌಂಟರಿಗೆ ಕೊಡಿ ಅಂತ ಕಳಿಸಿದರು.

ಹದಿನೈದು ದಿನ! ಹೇಳೋರಿಗೇನು, ಹೊಟ್ಟೆ ಅವರದಲ್ಲವಲ್ಲ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಅಂಕಿಯಲ್ಲಿ ಮಾತ್ರ ನನ್ನನ್ನು ಮೀರಿಸೋರು ನಮ್ಮೂರು ಮೂಗೂರಲ್ಲೇ ಇಲ್ಲ. ನಮ್ಮ ಮನೆಗೆ ಬಿತ್ತನೆ ಭತ್ತ ತರುವವಳು ನಾನೇ. ಅಂಗಡಿಯವನು ಕೊಟ್ಟಿದ್ದನ್ನು ಕಣ್ಣುಮುಚ್ಚಿ ತಂದವಳಲ್ಲ. ಭತ್ತದ ತಳಿಗೆಲ್ಲ ನಂಬರೇ ಹೆಸರು; ಯಾರ ಗದ್ದೆಯಲ್ಲಿ ಯಾವ ನಂಬರು ಚೆನ್ನಾಗಿ ಬಂತು ಅಂತ ಊರೆಲ್ಲ ವಿಚಾರಿಸಿ, ಆ ನಂಬರನ್ನೇ ಕೇಳಿ ತರುತ್ತೇನೆ. ಇವತ್ತಿನವರೆಗೂ ಬೆಳೆ ಕೈಕೊಟ್ಟಿಲ್ಲ.

ಆಸ್ಪತ್ರೆಗೂ ಹಾಗೆಯೇ ಸಿದ್ಧವಾಗಿ ಬಂದಿದ್ದೆ. ಹೊಟ್ಟೆ ಕೊಯ್ಯಿಸಿಕೊಂಡಿದ್ದ ಇಬ್ಬರ ಹಳೇ ಚೀಟಿಗಳನ್ನು ಇಸ್ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೆ. ಬೆಂಚಿನ ಮೇಲೆ ಕೂತು ಹೋಲಿಸಿ ನೋಡಿದೆ. ಡಾಕ್ಟರು ನನಗೆ ಬರೆದ ನಂಬರು, ಹಿಂದಿನ ಬೀದಿ ರಾಚಮ್ಮನ ನಂಬರು, ಎರಡೂ ಒಂದೇ! ರಾಚಮ್ಮ ಒಂದು ತಿಂಗಳು ಮಂಚ ಬಿಟ್ಟು ಎದ್ದಿರಲಿಲ್ಲ. ಪಕ್ಕದ ಮನೆ ಮಾದಪ್ಪನದು ಬೇರೆ ನಂಬರು. ಅವನು ಎಂಟೇ ದಿನಕ್ಕೆ ಗದ್ದೆಗೆ ನೀರು ಕಟ್ಟುತ್ತಿದ್ದ. ಕೆಳಹೊಟ್ಟೆ ಆಪರೇಷನ್ ಅಂದಿದ್ದ. ಮೇಲಾಗಲಿ ಕೆಳಗಾಗಲಿ, ಹೊಟ್ಟೆ ಹೊಟ್ಟೆಯೇ!

"ಈ ನಂಬ್ರು ಬ್ಯಾಡ" ಅಂದೆ, ಜೊತೆಗೆ ಬಂದಿದ್ದ ನಮ್ಮ ಯಜಮಾನರಿಗೆ.

"ಡಾಕ್ಟ್ರು ಬರ್ದವ್ರೆ ಕಣಮ್ಮಿ."

"ಬರ್ದು ಓಯ್ತಾರೆ. ತಿಂಗ್ಳುಗಟ್ಲೆ ಮಲಗೋಳು ನಾನು ತಾನೆ?"

ಪಕ್ಕದವರ ಪೆನ್ನು ಇಸ್ಕೊಂಡೆ. ಡಾಕ್ಟರ ನಂಬರಿಗೆ ಗೀಟು ಎಳೆದು, ಅದರ ಕೆಳಗೆ ಮಾದಪ್ಪನ ನಂಬರನ್ನು ಸಕಲ ಮರ್ಯಾದೆಯಿಂದ ಸ್ಥಾಪಿಸಿದೆ. ಕೌಂಟರ್ ಹುಡುಗಿ ನೋಡಿ, "ನಂಬರು ತಿದ್ದಿದೆಯಲ್ಲಾ ಅಜ್ಜಿ?" ಅಂದಳು.

"ಊಂ ಕಣವ್ವಾ, ಸರಿಯಾಗೇ ತಿದ್ದೈತೆ" ಅಂದೆ. ಸುಳ್ಳೇನೂ ಹೇಳಲಿಲ್ಲ. ಅವಳು ಕಂಪ್ಯೂಟರಿಗೆ ಕುಟ್ಟಿ ಕಳಿಸಿದಳು.

ಗೆದ್ದೆ ಅಂದುಕೊಂಡು ನೀರು ಕುಡಿದು, ಹೊರಗೆ ನೆರಳಲ್ಲಿ ಒಂದು ಗಂಟೆ ಕೂತಿದ್ದೆ. ಬಂದು ನೋಡಿದರೆ ಬೆಂಚಿನ ಮೇಲೆ ಚೀಲ ಇದೆ, ಯಜಮಾನರು ಇಲ್ಲ! ಅಷ್ಟರಲ್ಲಿ ಗಂಡಸರ ವಾರ್ಡಿನಿಂದ ಪರಿಚಯದ ಕೂಗು ಕೇಳಿಸಿತು. ಓಡಿದೆ. ನಮ್ಮ ಯಜಮಾನರು ಹಸಿರು ಗೌನು ತೊಟ್ಟು ಮಂಚದ ಮೇಲೆ ಕೂತಿದ್ದಾರೆ. ಎದುರಿಗೆ ಕಾಂಪೌಂಡರು, ಕೈಯಲ್ಲಿ ರೇಜರು!

"ನಂಗೇನೂ ಆಗಿಲ್ಲ ಕಣಪ್ಪಾ!"

"ಎಲ್ರೂ ಇಂಗೇ ಅಂತಾರೆ ತಾತ. ಎದ್ರಕಬ್ಯಾಡಿ."

ನನ್ನನ್ನು ಕಂಡದ್ದೇ ಯಜಮಾನರು ಅರಚಿದರು: "ಲೇ, ಬಾರೇ ಇಲ್ಲಿ! ನಿನ್ ಕಲ್ನ ನನ್ನೊಳ್ಗೆ ಉಡುಕ್ತಾವ್ರೆ!"

ಪಟ್ಟಿ ಹಿಡಿದಿದ್ದ ನರ್ಸು ಗಾಬರಿಯಾದಳು. "ಹೆಸರು ಹೆಂಗಸಿನದು, ನಂಬರು ಗಂಡಸರ ಆಪರೇಷನ್ನಿಂದು. ಹೆಸರೇ ತಪ್ಪಿರಬೇಕು ಅಂತ, ಬೆಂಚಲ್ಲಿದ್ದ ತಾತನ್ನ ಕರ್ಕೊಂಡು ಬಂದೆ" ಅಂದಳು.

ಅದೇ ಹೊತ್ತಿಗೆ ಕೌಂಟರ್ ಹುಡುಗಿಯೂ ಚೀಟಿ ಹಿಡಿದು ಓಡಿ ಬಂದಳು. "ಮಂಜೂರಾತಿ ಆಗ್ಲಿಲ್ಲ, ವಾಪಸ್ ಕಳಿಸಿದಾರೆ! ಇದು ಗಂಡಸರಿಗೆ ಮೂತ್ರ ಕಟ್ಟಿದಾಗ ಮಾಡೋ ಆಪರೇಷನ್ನು. ಒಂದೊಂದು ಆಪರೇಷನ್ನಿಗೆ ಒಂದೊಂದು ನಂಬರು, ಎಲ್ಲಾ ಆಸ್ಪತ್ರೆಗೂ ಅದೇ. ಮಂಜೂರು ಮಾಡೋರು ನಿಮ್ಮ ಮುಖ ನೋಡಲ್ಲ ಅಜ್ಜಿ, ನಂಬರು ನೋಡ್ತಾರೆ. ಇದನ್ನ ಯಾರು ತಿದ್ದಿದ್ದು?"

ನಾನು ಯಜಮಾನರನ್ನು ನೋಡಿದೆ. ಅವರು ಗೌನಿನ ಹಿಂದುಗಡೆ ಲಾಡಿ ಹುಡುಕುತ್ತಿದ್ದರು.

"ನಾನೇ" ಅಂದೆ.

"ಯಾಕಜ್ಜಿ?"

"ಮಾದಪ್ಪಂಗೆ ಚೆನ್ನಾಗಿ ಬಂದಿತ್ತು."

ವಾರ್ಡಿನ ಗಂಡಸರೆಲ್ಲ ಹೊಲಿಗೆ ಹಿಡಿದುಕೊಂಡು ನಕ್ಕರು. ನಗುವ ಹೊತ್ತೇ ಅದು? ಐದು ಗಂಟೆಯಾಗಿತ್ತು! ಹುಡುಗಿ ಡಾಕ್ಟರ ನಂಬರನ್ನೇ ಹಾಕಿ ಮತ್ತೆ ಕಳಿಸಿದಳು. ಐದೂವರೆ ಆಯಿತು, ಮಂಜೂರಾತಿ ಇಲ್ಲ. ಯಜಮಾನರು ತಮ್ಮ ಪಂಚೆ ಉಟ್ಟುಕೊಂಡು ಬಂದು ಪಕ್ಕದಲ್ಲಿ ಕೂತರು. ಚೀಲದಿಂದ ಮಾದಪ್ಪನ ಚೀಟಿ ತೆಗೆದು, ಮಡಚಿ, ತಮ್ಮ ಜೇಬಿಗೆ ಇಟ್ಟುಕೊಂಡರು. ಬೈದಿದ್ದರೇ ವಾಸಿಯಿತ್ತು. ಆರಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಹುಡುಗಿ ಕಿಟಕಿಯಿಂದ ಕೈ ಆಡಿಸಿದಳು. "ಬಂತು ಅಜ್ಜಿ!"

ಮಾರನೇ ದಿನ ಬೆಳಿಗ್ಗೆ, ಒಳಗೆ ಕರೆದುಕೊಂಡು ಹೋಗುವ ಮುಂಚೆ, ನರ್ಸು ಒಪ್ಪಿಗೆ ಕಾಗದ ತಂದಳು. "ಸಹಿ ಹಾಕೋಕೆ ಬರುತ್ತಾ ಅಜ್ಜಿ?" ಅಂತ ಪೆನ್ನು ಚಾಚಿದಳು. ನಲವತ್ತು ವರ್ಷದಿಂದ ಸಹಿ ಹಾಕುತ್ತಿರುವವಳು ನಾನು. ಯಜಮಾನರು ಬಾಗಿಲಲ್ಲಿ ನಿಂತು ಆ ಪೆನ್ನನ್ನೇ ನೋಡುತ್ತಿದ್ದರು.

"ಬರಾಕಿಲ್ಲ ಕಣವ್ವಾ" ಅಂದು ಹೆಬ್ಬೆಟ್ಟು ಒತ್ತಿದೆ.