ಬಾಟಲಿಗೆ ಬಗ್ಗದ ಹುಟ್ಟುಗುಣ

"ಹುಟ್ಟುಗುಣ ಅಂದ್ರೇನು ಗೊತ್ತೇನಮ್ಮಾ? ಯಾರೂ ಹೇಳಿಕೊಡದೆ ತಾನಾಗೇ ಬರೋದು! ಜೇಡ ಯಾರ ಹತ್ರ ಹೋಗಿ ಬಲೆ ನೇಯೋದು ಕಲೀತು? ಆಮೆಮರಿ ಮೊಟ್ಟೆ ಒಡೆದು ಬಂದಿದ್ದೇ ನೀರಿನ ಕಡೆ ಓಡುತ್ತೆ, ದಾರಿ ತೋರಿಸಿದೋರು ಯಾರು? ಕೂಸೂ ಹಾಗೇ. ಬಾಯಿಗಿಟ್ಟಿದ್ದನ್ನ ಚೀಪುತ್ತೆ. ನಾನೊಬ್ಬನೇ ಸಾಕು, ನೀನು ಧೈರ್ಯವಾಗಿ ಕೆಲಸಕ್ಕೆ ಹೋಗು!"

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಅಪ್ಪನ ಭಾಷಣ ಕೇಳಿ, ಬಾಣಂತನದ ರಜೆ ಮುಗಿದಿದ್ದ ಮಗಳು ಕಣ್ಣೊರೆಸಿಕೊಂಡಳು.

"ಮಧ್ಯಾಹ್ನದೊಳಗೆ ಬಾಟಲಿ ಹಾಲು ಕುಡೀಲಿಲ್ಲ ಅಂದ್ರೆ ಕೆಲಸ ಬಿಟ್ಟು ಬಂದುಬಿಡ್ತೀನಪ್ಪಾ."

ಮಗಳು ಕೆಲಸಕ್ಕೆ, ಹೆಂಡತಿ ತರಕಾರಿಗೆ ಹೋದದ್ದೇ ತಡ, ಕೂಸು ಅತ್ತಿತು. ಬಾಟಲಿ ಇಟ್ಟರೆ ತುಟಿ ಬಿಗಿಯಿತು. ಅಜ್ಜನ ಮೂಗನ್ನು ಚೀಪಿತು, ಗಲ್ಲವನ್ನು ಚೀಪಿತು, ಬಾಟಲಿಯೊಂದನ್ನು ಬಿಟ್ಟು! ನಿಪ್ಪಲ್ಲಿನ ತೂತು ಸಣ್ಣದೆಂದು ತೀರ್ಮಾನಿಸಿದ ಅಜ್ಜ ಗಡಿಯಾರ ರಿಪೇರಿಯ ಸೂಜಿಯಿಂದ ಅದನ್ನು ದೊಡ್ಡದು ಮಾಡಿದ. ಅಂಗಿ, ಲುಂಗಿ, ಕನ್ನಡಕ, ಎಲ್ಲಕ್ಕೂ ಕ್ಷೀರಾಭಿಷೇಕ! ಕೈಗೆ ಸಿಕ್ಕಿದ್ದು ಮಗಳು ಬೆಳಿಗ್ಗೆ ಕಳಚಿಟ್ಟ ನೈಟಿ. ಬೇರೆ ದಾರಿಯಿಲ್ಲದೆ ತೊಟ್ಟ.

ಕೂಸು ಕೊರಳಪಟ್ಟಿಗೆ ಮೂಗಿಟ್ಟಿತು. ಅಮ್ಮನ ವಾಸನೆ! ಕಣ್ಣು ಮುಚ್ಚಿಕೊಂಡು ಇನ್ನೊಂದು ಬಾಟಲಿಯನ್ನು ಗಟಗಟ ಖಾಲಿ ಮಾಡಿತು.

ಬಾಗಿಲ ಗಂಟೆ ಕೇಳಿ ಅಜ್ಜ ಒದ್ದೆ ಲುಂಗಿಯನ್ನೇ ಸುತ್ತಿಕೊಂಡು ನೈಟಿಯನ್ನು ಕುರ್ಚಿಗೆಸೆದ.

"ಕುಡಿದನಾ? ಹೇಗ್ರೀ?" ಹೆಂಡತಿ ಬೆರಗಾದಳು.

"ಅದಕ್ಕೆಲ್ಲಾ ಕೈಗುಣ ಬೇಕು ಕಣೇ!"

ಮಗಳ ಫೋನು ಬಂತು. "ಅಪ್ಪಾ, ರಜೇಲಿ ನನ್ನ ಜಾಗಕ್ಕೆ ಬಂದೋಳನ್ನ ಕಳಿಸಿಬಿಡ್ಲಾ ಅಂತ ಸಾಹೇಬ್ರು ಕೇಳ್ತಿದ್ದಾರೆ. ನಾನು ಇರ್ತೀನಿ ಅಂತ ಬರೆದುಕೊಡ್ಲಾ?"

"ಬರೆದುಕೊಡು ಮಗಳೇ, ಕಣ್ಣು ಮುಚ್ಚಿ ಬರೆದುಕೊಡು!"

ಎರಡು ಗಂಟೆ ಕಳೆದು ಕೂಸು ಮತ್ತೆ ಅತ್ತಿತು. ಕುರ್ಚಿ ಬರಿದಾಗಿತ್ತು.

"ಇಲ್ಲಿದ್ದ ನೈಟಿ ಎಲ್ಲೇ?"

"ಹಾಲು ಚೆಲ್ಲಿ ಮುದ್ದೆಯಾಗಿತ್ತು. ಉಜ್ಜಿ ಉಜ್ಜಿ ಒಗೆದೆ. ಘಮ್ಮಂತಿದೆ ನೋಡಿ!"

ಅಜ್ಜ ಎಲ್ಲವನ್ನೂ ಒಪ್ಪಿಕೊಂಡ. ಹೆಂಡತಿ ನಗಲಿಲ್ಲ.

"ಅವಳದು ಬೇರೆ ಮಾಸಿದ ಬಟ್ಟೆ ಏನೂ ಇಲ್ವೇನೇ?"

"ಒಂದೂ ಇಲ್ಲ. ದಿಂಬಿನ ಕವರೂ ಒಗೆದೆ."

"ಒಂದು ಮಾತು ಕೇಳಬಾರದಿತ್ತಾ?"

"ಕೈಗುಣ ಅಂದ್ರಲ್ಲ! ಹಿಡೀರಿ ಆ ತುದಿ."

ಒಳಗೆ ಕೂಸು ಕಿರುಚುತ್ತಿತ್ತು. ಇಬ್ಬರೂ ಆಚೆಗೊಂದು ತುದಿ, ಈಚೆಗೊಂದು ತುದಿ ಹಿಡಿದು ನೈಟಿ ಹಿಂಡಿದರು.