ವಿಪುಲಾವತಿಯ ಅರಸರು ತೂಕ ಇಳಿಸಿದ್ದು

ಬಹಳ ಹಿಂದೆ, ಬೆಳಗಿನ ಪತ್ರಿಕೆ ಓದಿ ಮನಸ್ಸು ಕೆಡಿಸಿಕೊಳ್ಳುವ ಸೌಲಭ್ಯ ಪ್ರಜೆಗಳಿಗೆ ಇನ್ನೂ ಒದಗಿರದ ಕಾಲದಲ್ಲಿ, ವಿಪುಲಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಶ್ರೀಮನ್ಮಹಾರಾಜ ಪೃಥುಕೀರ್ತಿ ಭೂಪಾಲರು ಧರ್ಮದಿಂದಲೂ, ಹೊತ್ತುಹೊತ್ತಿನ ಊಟದಿಂದಲೂ ರಾಜ್ಯಭಾರ ಮಾಡುತ್ತಿದ್ದರು. ಯುವರಾಜರಾಗಿದ್ದಾಗ ಕುದುರೆಯನ್ನು ಹಾರಿ ಏರುತ್ತಿದ್ದವರು ನಲವತ್ತು ದಾಟಿದ ಮೇಲೆ ಏಣಿ ಹಾಕಿಸಿಕೊಂಡು ಏರತೊಡಗಿದರು. ಐವತ್ತು ಹತ್ತಿರವಾದಾಗ ಅವರನ್ನು ಕಂಡರೆ ಕುದುರೆಯೇ ಲಾಯದೊಳಕ್ಕೆ ಹೋಗಿ ಮೂಲೆ ಹಿಡಿದು ನಿಲ್ಲುತ್ತಿತ್ತು.

ಹೀಗಿರಲು ಒಂದು ದಿನ ನೆರೆರಾಜ್ಯದ ಅರಸರು ಅಧಿಕೃತ ಭೇಟಿಗೆ ಬಂದರು. ಅವರನ್ನು ಆಲಂಗಿಸಲು ಮಹಾರಾಜರು ತುಂಬಿದ ಸಭೆಯಲ್ಲಿ ಎದ್ದು ನಿಂತರು. ಸಿಂಹಾಸನವೂ ಜೊತೆಗೇ ಎದ್ದಿತು.

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಆಸ್ಥಾನಕವಿಗಳು ಅರಸನೂ ಆಸನವೂ ಅಗಲಲಾರದ ಜೋಡಿ ಎಂಬ ಅರ್ಥದ ಪದ್ಯವನ್ನು ನಿಂತಲ್ಲೇ ಕಟ್ಟಿದರು. ಮಹಾಮಂತ್ರಿ ಅನುಮೋದರಾಯರು ಅತಿಥಿಗಳ ಕಡೆ ತಿರುಗಿ, “ನೋಡಿದಿರಾ? ನಮ್ಮ ಪ್ರಭುಗಳು ಅಧಿಕಾರಕ್ಕೆ ಅಂಟಿಕೊಂಡವರಲ್ಲ, ಅಧಿಕಾರವೇ ಅವರಿಗೆ ಅಂಟಿಕೊಂಡಿದೆ,” ಎಂದು ವಿವರಿಸಿದರು. ಬಡಗಿಗಳು ಬಂದು ಸಿಂಹಾಸನವನ್ನು ಬಿಡಿಸುವವರೆಗೆ ಮಂಗಳವಾದ್ಯ ನಿಲ್ಲಲಿಲ್ಲ.

ಅಂತಃಪುರಕ್ಕೆ ಬಂದ ಮೇಲೆ ಮಾತ್ರ ರಾಣಿ ಕನಕಾಂಬೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಗು, ನಗು,” ಎಂದರು ಮಹಾರಾಜರು. “ಸಭೆಯಲ್ಲಿ ಯಾರೂ ನಗಲಿಲ್ಲ ಗೊತ್ತಾ?”

“ಅದಕ್ಕೇ ಹೇಳ್ತಿರೋದು, ನಿಮಗೆ ಹೇಳೋರು ಯಾರೂ ಉಳಿದಿಲ್ಲ ಅಂತ. ಮೆಟ್ಟಿಲು ಹತ್ತಿದರೆ ಏದುಸಿರು. ಬಗ್ಗಿ ಪಾದರಕ್ಷೆ ಹಾಕ್ಕೊಂಡು ಎಷ್ಟು ವರ್ಷ ಆಯ್ತು ಹೇಳಿ. ನಾನೂ ಏನು ಕಡಿಮೆ ಇಲ್ಲ. ನಾಳೆಯಿಂದ ಇಬ್ಬರೂ ಕೆರೆ ಏರಿ ಮೇಲೆ ನಡೆಯೋಣ.”

ಮಹಾರಾಜರಿಗೆ ಮಾತು ನಾಟಿತು. ಅಂದೇ ಉಗ್ರಾಣದ ದೊಡ್ಡ ತಕ್ಕಡಿಯಲ್ಲಿ ಕೂತು ಗುಟ್ಟಾಗಿ ತೂಗಿಸಿಕೊಂಡರು. ಎದುರು ತಟ್ಟೆಗೆ ಮಣದ ಕಲ್ಲುಗಳನ್ನು ಒಂದರ ಮೇಲೊಂದು ಹೇರುತ್ತಿದ್ದಾಗ ಕಣ್ಣು ಮುಚ್ಚಿಕೊಂಡಿದ್ದರು.

ಮೊದಲ ದಿನ ಕೆರೆಯ ತೂಬಿನವರೆಗೆ ಹೋಗುವಷ್ಟರಲ್ಲಿ ಮಂಡಿ ಎರಡೂ ಮಾತಾಡತೊಡಗಿದವು. ಹಿಂದೆ ಬರುತ್ತಿದ್ದ ಒಬ್ಬನೇ ಕಾವಲುಭಟ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕೈ ಚಾಚಿಕೊಂಡೇ ನಡೆದ. ಆದರೂ ಮಹಾರಾಜರು ಬಿಡಲಿಲ್ಲ. ಮುತ್ತಿನ ಹಾರ, ಕಿರೀಟ ಎಲ್ಲ ಬಿಚ್ಚಿಟ್ಟು, ಒಂದು ಪಂಚೆ, ಒಂದು ಬನಿಯನ್ನು ಹಾಕಿಕೊಂಡು ದಿನವೂ ಹೊರಟರು. ಅವರ ಗುರುತು ಹತ್ತದ, ಸೊಪ್ಪು ಮಾರುವ ಮುದುಕಿಯೊಬ್ಬಳು, “ಹೊಟ್ಟೇನ ಮುಂದೆ ಕಳಿಸಿ ನೀನು ನಿಧಾನಕ್ಕೆ ಬರ್ತಿದ್ದೀಯಲ್ಲಪ್ಪ!” ಎಂದಳು. ರಾಣಿ ನಕ್ಕರು. ಆಶ್ಚರ್ಯವೆಂದರೆ ಮಹಾರಾಜರೂ ನಕ್ಕರು. ಪಟ್ಟಾಭಿಷೇಕವಾದ ಮೇಲೆ ತಮಗೆ ರಾಣಿಯನ್ನು ಬಿಟ್ಟು ಬೇರೆ ಯಾರಾದರೂ ನಿಜ ಹೇಳಿದ್ದು ಅದೇ ಮೊದಲೆಂದು ಅವರಿಗೆ ಅನಿಸಿತು.

ವಾರಗಳು ಕಳೆದವು. ಮಹಾರಾಜರು ಈಗ ಕೆರೆಯ ಏರಿಯನ್ನು ಪೂರ್ತಿ ನಡೆಯುತ್ತಿದ್ದರು. ಹಸಿವು ಎಂದರೇನೆಂದು ತಿಳಿಯಿತು. ಮಲಗಿದರೆ ನಿದ್ದೆ ಬರುತ್ತಿತ್ತು. ಒಂದು ಬೆಳಿಗ್ಗೆ ನಡುಪಟ್ಟಿ ಒಂದು ರಂಧ್ರ ಒಳಕ್ಕೆ ಬಂತು. “ಕನಕಾ, ಬಾ ಇಲ್ಲಿ, ನೋಡು!” ಎಂದು ಅವರು ಕೂಗಿದ ಕೂಗಿಗೆ ಶತ್ರು ನುಗ್ಗಿದನೆಂದು ಭಾವಿಸಿ ದ್ವಾರಪಾಲಕರು ಕತ್ತಿ ಹಿರಿದರು.

ಆ ಕೂಗು ಅನುಮೋದರಾಯರ ಕಿವಿಗೂ ಬಿತ್ತು. ಮಹಾರಾಜರು ಇಷ್ಟು ದಿನ ಸರ್ಕಾರದ ಸಹಾಯವಿಲ್ಲದೆ ನಡೆಯುತ್ತಿದ್ದರೆಂಬ ಸುದ್ದಿ ಕೇಳಿ ಅವರು ತಲೆಯ ಮೇಲೆ ಕೈಹೊತ್ತು ಕೂತರು.

“ಪ್ರಭು, ಇದೇನು ಅನ್ಯಾಯ! ಇಂಥ ಮಹತ್ಕಾರ್ಯಕ್ಕೆ ಒಂದು ಸಮಿತಿ ಇಲ್ಲ, ಒಂದು ಘೋಷಣೆ ಇಲ್ಲ, ಉದ್ಘಾಟನೆಯೂ ಆಗಿಲ್ಲ. ಉದ್ಘಾಟನೆ ಆಗದ ನಡಿಗೆ ನಡಿಗೆಯೇ ಅಲ್ಲ.”

“ನಡೆದಾಗಿದೆಯಲ್ಲ ರಾಯರೇ, ತೂಕವೂ ಇಳಿಯುತ್ತಿದೆ.”

“ತಮ್ಮೊಬ್ಬರದು ಇಳಿದರೆ ಸಾಕೆ ಪ್ರಭು? ನಾಡಿಗೆ ಪ್ರೇರಣೆ ಬೇಡವೆ?”

ಪ್ರೇರಣೆ ಎಂಬ ಶಬ್ದ ಮಹಾರಾಜರಿಗೆ ಹಿತವಾಗಿ ಕೇಳಿಸಿತು. ಮರುದಿನವೇ ‘ರಾಜನಡಿಗೆ ಅಭಿಯಾನ’ ಜಾರಿಗೆ ಬಂತು. ಕೆರೆ ಏರಿಗೆ ಕೆಂಪು ನಡೆಮಡಿ ಹಾಸಿದರು. ಸೊಪ್ಪು ಮಾರುವವರನ್ನು ಭದ್ರತೆಯ ದೃಷ್ಟಿಯಿಂದ ಎಬ್ಬಿಸಿದರು. ಪ್ರಭುಗಳಿಗಿಂತ ಮುಂದೆ ಯಾರೂ ನಡೆಯಕೂಡದೆಂದು ನಿಯಮವಾಯಿತು. ಮಂತ್ರಿಗಳೆಲ್ಲ ಅವರ ಹಿಂದೆಯೇ ಬರಬೇಕಾಗಿ, ಅವರಲ್ಲಿ ಹೆಚ್ಚಿನವರು ಬಹಳ ನಿಧಾನಿಗಳಾಗಿದ್ದುದರಿಂದ, ಮೆರವಣಿಗೆಗೆ ಗಾಂಭೀರ್ಯ ಉಳಿಯಲಿ ಎಂದು ಮಹಾರಾಜರನ್ನೇ ಮೆಲ್ಲಗೆ ನಡೆಯುವಂತೆ ಕೋರಲಾಯಿತು. ಹೆಜ್ಜೆಹೆಜ್ಜೆಗೂ ಚಪ್ಪರ. ಒಂದೊಂದು ಚಪ್ಪರದಲ್ಲೂ ಒಂದೊಂದು ಸಂಘದವರ ಸ್ವಾಗತ. ನಡೆದು ದಣಿದ ಪ್ರಭುಗಳಿಗೆ ಒಂದು ಕಡೆ ಕೇಸರಿಬಾತು, ಇನ್ನೊಂದು ಕಡೆ ತುಪ್ಪದ ಪೊಂಗಲು, ಮುಂದಿನ ತಿರುವಿನಲ್ಲಿ ಹೋಳಿಗೆ.

“ಬೇಡ ಅನ್ನಬಾರದೆ?” ಎಂದು ರಾಣಿ ಪಿಸುಗುಟ್ಟಿದರು.

“ಅಷ್ಟು ಪ್ರೀತಿಯಿಂದ ಕೊಡ್ತಾರೆ ಕಣೆ. ಬೇಡ ಅಂದರೆ ಆ ಬೀದಿಯವರು ಬೇಜಾರು ಮಾಡ್ಕೋತಾರೆ.”

“ಹಾಗಾದರೆ ನೀವು ಬೀದಿಯವರ ಜೊತೆ ನಡೀರಿ. ನಾನು ಅರಮನೆ ಹಿತ್ತಲಲ್ಲೇ ನಡ್ಕೋತೀನಿ,” ಎಂದು ಅವರು ಹಿಂದಿರುಗಿದರು.

ರಾಣಿ ಹೋದ ಮೇಲೆ ಮಹಾರಾಜರಿಗೆ ನಡಿಗೆ ಸಪ್ಪೆಯೆನಿಸಿತು. ಅಷ್ಟರಲ್ಲಿ ಮಳೆಗಾಲವೂ ಬಂತು. ಕೆಸರಿರುವ ಕಡೆ ಪಲ್ಲಕ್ಕಿ ಎಂದು ಅನುಮೋದರಾಯರು ವ್ಯವಸ್ಥೆ ಮಾಡಿದರು. ಎಲ್ಲಿ ಕೆಸರಿದೆ ಎಂದು ಪರಿಶೀಲಿಸಲು ನೇಮಿಸಿದ ತಜ್ಞರು ಎಲ್ಲ ಕಡೆಯೂ ಇದೆ ಎಂದು ವರದಿ ಕೊಟ್ಟರು. ಮಳೆ ನಿಂತ ಮೇಲೂ ವರದಿಯನ್ನು ಯಾರೂ ಹಿಂಪಡೆಯಲಿಲ್ಲ. ಪಲ್ಲಕ್ಕಿಯ ಪರದೆ ಸರಿಸಿ ಜನರತ್ತ ಕೈಬೀಸುವುದೂ ತೋಳಿಗೆ ಉತ್ತಮ ವ್ಯಾಯಾಮವೆಂದು ರಾಜವೈದ್ಯರು ದೃಢೀಕರಿಸಿದರು. ಮಹಾರಾಜರು ನಂಬಿದರು. ನಂಬದಿದ್ದರೆ ಇಳಿದು ನಡೆಯಬೇಕಾಗುತ್ತಿತ್ತು.

ಅಭಿಯಾನಕ್ಕೆ ವರ್ಷ ತುಂಬುವ ಹೊತ್ತಿಗೆ, ಪ್ರಭುಗಳು ಎಷ್ಟು ಇಳಿದಿದ್ದಾರೆಂಬುದನ್ನು ಬಹಿರಂಗವಾಗಿ ತೂಗಿ ತೋರಿಸಲಾಗುವುದೆಂದು ಅನುಮೋದರಾಯರು ಡಂಗುರ ಹೊಡೆಸಿದರು. ನೆರೆಯ ಅರಸರಿಗೆಲ್ಲ ಆಹ್ವಾನ ಹೋಯಿತು. ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಮಹಾರಾಜರು ಅನುಮೋದರಾಯರ ಎದುರಿಗೆ ಮತ್ತೆ ಉಗ್ರಾಣದ ತಕ್ಕಡಿಯಲ್ಲಿ ಕೂತರು. ಕಳೆದ ಸಲ ಹೇರಿದ ಕಲ್ಲುಗಳೆಲ್ಲ ಹೇರಿದರೂ ತಟ್ಟೆ ನೆಲ ಬಿಟ್ಟೇಳಲಿಲ್ಲ. ಮತ್ತೊಂದು ಕಲ್ಲು ತಂದರು. ಅದೂ ಸಾಲಲಿಲ್ಲ.

ಮಹಾರಾಜರು ತಟ್ಟೆಯಲ್ಲೇ ತಲೆತಗ್ಗಿಸಿ ಹೇಳಿದರು: “ರಾಯರೇ, ತಪ್ಪು ನನ್ನದೇ. ನಾಳೆ ಜನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಇಳಿಯಲಿಲ್ಲ, ಇನ್ನು ಮುಂದೆ ನಿಜವಾಗಿ ನಡೆಯುತ್ತೇನೆ ಅಂತ.”

ಅನುಮೋದರಾಯರು ಬೆಚ್ಚಿಬಿದ್ದರು. ರಾಜ್ಯದ ಇತಿಹಾಸದಲ್ಲಿ ಇಂಥ ಬಿಕ್ಕಟ್ಟು ಹಿಂದೆಂದೂ ಬಂದಿರಲಿಲ್ಲ.

“ಪ್ರಭು, ಸ್ವಲ್ಪ ಯೋಚಿಸಿ. ತೂಕ ಎಂದರೇನು? ತಕ್ಕಡಿಯ ಎರಡು ಕಡೆಯವರ ನಡುವಿನ ವ್ಯವಹಾರ. ಈ ಕಡೆ ತಾವು, ಆ ಕಡೆ ಕಲ್ಲು. ತಾವು ಇಡೀ ವರ್ಷ ಶ್ರಮಪಟ್ಟಿರಿ. ಕಲ್ಲು ಏನು ಮಾಡಿತು? ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು! ಇನ್ನು ಕಲ್ಲು ತನ್ನ ಪಾಲಿನ ಕರ್ತವ್ಯ ಮಾಡಲಿ.”

“ಅಂದರೆ?”

“ಮಣದ ಕಲ್ಲನ್ನು ಕೊಂಚ ದಪ್ಪ ಮಾಡೋಣ. ಮಣ ದೊಡ್ಡದಾದಷ್ಟೂ ತಾವು ಕಡಿಮೆ ಮಣ ತೂಗುತ್ತೀರಿ.”

ರಾಣಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ವರ್ಷವಿಡೀ ನಡೆದ ಅವರ ಮುಖ ತೆಳ್ಳಗಾಗಿತ್ತು. “ಆ ಕಲ್ಲು ಗಿಲ್ಲು ಬಿಡಿ,” ಎಂದರು. “ನಾಳೆ ಬೆಳಿಗ್ಗೆ ಕೆರೆ ಹತ್ರ ಹೋಗೋಣ ಬನ್ನಿ. ನಾವಿಬ್ಬರೇ. ತೂಬಿನ ತನಕ ಹೋದರೂ ಸಾಕು.”

ಮಹಾರಾಜರಿಗೆ ಎದ್ದುಹೋಗುವ ಮನಸ್ಸಾಯಿತು. ಏಳಲು ಎರಡೂ ಕೈ ಊರಿದರು. ಮಂಡಿ ಚಳಕ್ ಎಂದಿತು. ಕಿಟಕಿಯಾಚೆ ಬೀದಿಯುದ್ದಕ್ಕೂ ತಮ್ಮ ಚಿತ್ರಪಟ ಕಟ್ಟುತ್ತಿದ್ದರು. ಚಿತ್ರದಲ್ಲಿ ಅವರು ಕಡ್ಡಿಯಂತೆ ತೆಳ್ಳಗಿದ್ದು, ಇಪ್ಪತ್ತೈದರ ಹರೆಯದ ತಮ್ಮನ್ನೇ ಹೋಲುತ್ತಿದ್ದರು. ಅದನ್ನೇ ನೋಡುತ್ತ ಅವರು ಮತ್ತೆ ಕೂತುಬಿಟ್ಟರು.

“ಕೊಂಚ ದಪ್ಪ ಅಂದರೆ ಎಷ್ಟು, ರಾಯರೇ?” ಎಂದು ಕೇಳಿದರು. ರಾಣಿ ಹಿತ್ತಲಿನ ಕಡೆ ಹೊರಟುಹೋದರು.

ಸಮಾರಂಭ ಅದ್ಧೂರಿಯಾಗಿ ನಡೆಯಿತು. ಹೊಸ ಕಲ್ಲುಗಳೆದುರು ಮಹಾರಾಜರ ತಟ್ಟೆ ಹೂವಿನಂತೆ ಮೇಲೆದ್ದಿತು. ಅವರಿಗೆ ‘ಲಘುಕಾಯ ಚಕ್ರವರ್ತಿ’ ಎಂಬ ಬಿರುದು ಕೊಟ್ಟು, ದೊಡ್ಡ ಅಳತೆಯ ಹೊಸ ಕಿರೀಟ ತೊಡಿಸಿದರು. ನೆರೆಯ ಅರಸರು ಅಭಿನಂದಿಸಿ, ಕಲ್ಲಿನ ನಮೂನೆಯೊಂದನ್ನು ತಮಗೂ ಕೊಡಬೇಕೆಂದು ಕಿವಿಯಲ್ಲಿ ಕೇಳಿಕೊಂಡು ಹೋದರು.

ಪ್ರಭುಗಳನ್ನು ತೂಗಿದ ಕಲ್ಲು ರಾಜ್ಯಕ್ಕೆಲ್ಲ ಪ್ರಮಾಣವಾಗಬೇಕಲ್ಲ? ಹಾಗಾಗಿ ಪ್ರಜೆಗಳು ಅರಮನೆಗೆ ಧಾನ್ಯದ ಕಂದಾಯವನ್ನು ಹೊಸ ಮಣದಲ್ಲಿ ಅಳೆಯಬೇಕೆಂದು ಆಜ್ಞೆಯಾಯಿತು. ಅರಮನೆಯ ಕಣಜದಿಂದ ಪ್ರಜೆಗಳಿಗೆ ಕೊಡುವ ಧಾನ್ಯಕ್ಕೆ ಮಾತ್ರ ಹಳೆಯ ಮಣವೇ ಉಳಿಯಿತು. ಈ ಬಗ್ಗೆ ಯಾರೋ ಪ್ರಶ್ನಿಸಿದಾಗ ಅನುಮೋದರಾಯರು, “ಪ್ರಜೆಗಳು ಕೊಡುವಾಗ ಆಧುನಿಕತೆ, ಪಡೆಯುವಾಗ ಪರಂಪರೆ. ಎರಡನ್ನೂ ಸರಿದೂಗಿಸಿಕೊಂಡು ಹೋಗುವ ಸರ್ಕಾರ ನಮ್ಮದು,” ಎಂದರು. ಪ್ರಶ್ನಿಸಿದವನು ಚಪ್ಪಾಳೆ ತಟ್ಟದಿದ್ದುದನ್ನು ಗಮನಿಸಲಾಯಿತು.

ಮುಂದಿನ ವರ್ಷದ ಉತ್ಸವಕ್ಕೆ ನೆರೆದ ಜನರನ್ನು ಕಂಡು ಮಹಾರಾಜರು ಬೆರಗಾದರು. ಎಲ್ಲರೂ ಇಳಿದಿದ್ದರು. ಗಂಡಸರ ಪಂಚೆ ಎರಡು ಸುತ್ತು ಹೆಚ್ಚು ಬರುತ್ತಿತ್ತು. ಹೆಂಗಸರ ಬಳೆಗಳು ಮೊಣಕೈವರೆಗೆ ಸರಿದಾಡುತ್ತಿದ್ದವು. ಅಭಿಯಾನ ಇಷ್ಟರ ಮಟ್ಟಿಗೆ ಫಲ ಕೊಡುತ್ತದೆಂದು ಸಮಿತಿಯವರೂ ಎಣಿಸಿರಲಿಲ್ಲ. ಅತ್ಯಂತ ತೆಳ್ಳಗಾದ ಪ್ರಜೆಯೆಂದು ಸಣ್ಣೀರಪ್ಪನೆಂಬ ನೇಕಾರನನ್ನು ವೇದಿಕೆಗೆ ಕರೆದರು.

ಮಹಾರಾಜರು ಅವನ ಕೈ ಹಿಡಿದುಕೊಂಡರು. ಕೈಯಲ್ಲಿ ಎಲುಬಲ್ಲದೆ ಬೇರೇನೂ ಸಿಗಲಿಲ್ಲ. ಅವರಿಗೆ ಒಂದಿಷ್ಟು ಅಸೂಯೆಯೇ ಆಯಿತು.

“ಯಾವ ವ್ಯಾಯಾಮ ಮಾಡ್ತೀಯಪ್ಪ?”

“ಮಗ್ಗ ತುಳೀತೀನಿ, ತುಂಡು ಹೊಲ ಉಳ್ತೀನಿ ಬುದ್ಧಿ.”

“ಆಹಾರ?”

“ಅರಮನೆಗೆ ಅಳೆದು ಕೊಟ್ಟ ಮೇಲೆ ಉಳಿದಿದ್ದು ಬುದ್ಧಿ.”

“ಮಿತಾಹಾರ!” ಎಂದು ಅನುಮೋದರಾಯರು ಜನರತ್ತ ಕೂಗಿದರು. ಚಪ್ಪಾಳೆ ಮೊಳಗಿತು. ಒಬ್ಬ ಬಡ ನೇಕಾರ ತಮ್ಮಿಂದ ಇಷ್ಟು ಪ್ರೇರಣೆ ಪಡೆದನಲ್ಲ ಎಂದು ಮಹಾರಾಜರ ಕಣ್ಣು ತುಂಬಿ ಬಂತು.

ಅವನಿಗೆ ಬಹುಮಾನವೆಂದು ಹಣ್ಣು, ಬೆಲ್ಲ, ತುಪ್ಪ ತುಂಬಿದ ಬುಟ್ಟಿಯೊಂದನ್ನು ತರಿಸಿಟ್ಟಿದ್ದರು. ಸಣ್ಣೀರಪ್ಪ ಎರಡೂ ಕೈ ಚಾಚಿದ. ಅಷ್ಟರಲ್ಲಿ ರಾಜವೈದ್ಯರು ಅಡ್ಡಬಂದು, ಇಷ್ಟು ಕಷ್ಟಪಟ್ಟು ಗಳಿಸಿದ ಮೈಕಟ್ಟು ಹಾಳಾದೀತೆಂದು ಎಚ್ಚರಿಸಿದರು. ಪ್ರಜೆಯ ಆರೋಗ್ಯದ ಹಿತದೃಷ್ಟಿಯಿಂದ ಅವನಿಗೆ ಒಂದು ಪದಕ ಹಾಕಿ, ಬುಟ್ಟಿಯನ್ನು ಮಹಾರಾಜರ ಪಲ್ಲಕ್ಕಿಗೆ ಸಾಗಿಸಲಾಯಿತು.